ಕೊನೆ ಎಂಬ ಮಾತಿನ ಅರ್ಥವಿಚಾರ

ನಿತ್ಯವೂ ನಾಲಗೆಯ ಮೇಲಿರುವ ಮಾತಿನ ಅರ್ಥವನ್ನು ಜನರು ವಿಚಾರಿಸುವುದು ವಿರಳ. ‘ಕೊನೆ’ ಎಂಬುದು ಅಂತಹ ಮಾತುಗಳಲ್ಲೊಂದು. ಬಯಲುಸೀಮೆಯ ನೆಂಟನು ಸಾಗರದ ಕಡೆಯ ಮನೆಗೆ ಬಂದು, “ಈ ವರ್ಷ ಕೊನೆ ಚೆನ್ನಾಗಿದೆ” ಎಂಬುದನ್ನು ಕೇಳಿದರೆ ಬೆರಗಾಗುವನು. ಕೊನೆಯೂ ಚೆನ್ನಾಗಿರಬಲ್ಲುದೆ? ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟಿಗರಿಗೆ ಇದರಲ್ಲಿ ಬೆರಗಿಲ್ಲ. ಅನ್ಯತ್ರ ಗೊನೆಯೆನಿಸಿದ್ದು ಅಲ್ಲಿ ಕೊನೆ. ಅಡಕೆಯ ಕೊಯ್ಲು ಕೊನೆಕೊಯ್ಲು. ಮರವೇರಿ ಕೊಯ್ಯುವವನು ಕೊನೆಗೌಡ.

ಈ ಪದವು ಸ್ಥಳವನ್ನು ಹೇಳುವಾಗ ತುದಿಯೆಂದರ್ಥ: ಕೋಲಿನ ಕೊನೆ, ಕೊನೆಗಣ್ಣು. ಕಾಲವನ್ನು ಹೇಳುವಾಗ ಅಂತ್ಯ: ಮಾಸದ ಕೊನೆ, ಕೊನೆಯುಸಿರು. ಕಾರ್ಯವನ್ನು ಹೇಳುವಾಗ ಪೂರ್ಣತೆ: ವ್ರತವನ್ನು ಕೊನೆಮುಟ್ಟಿಸಿದನು. ‘ಕೊನೆಗೂ ಬಂದನು’ ಎಂಬಲ್ಲಿ ಬಹುಕಾಲ ಕಾದವರ ನಿಟ್ಟುಸಿರೇ ಅಡಗಿದೆ. ಫಲವೆಂಬ ಅರ್ಥವನ್ನು ಮಲೆನಾಡು ಇವುಗಳ ಜೊತೆಗೆ ಇರಿಸಿದೆ. ನಿಘಂಟಿಗೆ ಕೊನೆ, ಗೊನೆಗಳು ಬೇರೆಯಾಗಿರಬಹುದು; ಅಲ್ಲಿಯ ಕಿವಿಗೆ ಅವೆರಡೂ ಒಂದೇ.

ತೋಟದ ಕ್ರಮವನ್ನು ನೋಡಿದರೆ ಈ ಅರ್ಥದ ಔಚಿತ್ಯವು ತಿಳಿಯುವುದು. ಹಣ್ಣಾದ ಸೋಗೆಯು ಹಾಳೆಸಹಿತ ಕಳಚಿಬಿದ್ದ ಎಡೆಯಲ್ಲಿಯೇ ಹಿಂಗಾರವು ಅರಳುತ್ತದೆ. ಒಂದರ ಅಂತ್ಯವೇ ಮತ್ತೊಂದರ ಫಲಕ್ಕೆ ಎಡೆ. ಆದರೆ ಎಲ್ಲ ಅಂತ್ಯವೂ ಫಲವಲ್ಲ. ಮಳೆಗಾಲದ ಕೊಳೆರೋಗವು ಎಳೆಗಾಯಿಗಳನ್ನು ಉದುರಿಸಿದರೆ ಕೊನೆಗೇ ಕೊನೆ ಬಂದಂತೆ. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ನರು ಈ ರೋಗವನ್ನು ಪರಿಶೀಲಿಸಿ 1910ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ರೂಢಿಯು ಬೆಳೆಯಿತು. ಸಕಾಲದಲ್ಲಿ ಕಾಯದವನಿಗೆ ಬರಿಯ ಅಂತ್ಯವುಂಟು, ಫಲವಿಲ್ಲ. ಕೆಂಪಡಕೆಗೆ ಕಾಯಿಯನ್ನು ಬಲಿತೊಡನೆ, ಹಣ್ಣಾಗುವ ಮುನ್ನವೇ ಕೊಯ್ಯಬೇಕು. ಮುಂಚಿತವಾದರೂ ಕೆಡುಕು, ತಡವಾದರೂ ಕೆಡುಕು.

ಹಾಗೆ ಕೊಯ್ದ ಕೊನೆಯು ಹಗ್ಗದ ಮೇಲೆ ಜಾರಿ, ನೆಲಕ್ಕೆ ಬಡಿಯದೆ, ಕೆಳಗೆ ನಿಂತವನ ಕೈಗೆ ಬರುತ್ತದೆ. ಮೇಲಿನವನ ಜೀವವು ತೆಳುವಾದ ಮರದ ತುದಿಯಲ್ಲಿ ತೂಗುತ್ತಿರುವುದು. ಇತ್ತೀಚೆಗೆ ನೆಲದಲ್ಲಿಯೇ ನಿಂತು ಉದ್ದದ ದೋಟಿಯಿಂದ ಕೊಯ್ಯುವವರೂ ಉಂಟು. ಆದರೂ ಕೊನೆಗೌಡನ ಕಾಯಕದ ಋಣವು ಅಳಿಯತಕ್ಕದ್ದಲ್ಲ. ಕೂಲಿಯಲ್ಲಿ ಚೌಕಾಸಿ ಮಾಡುವ ಗೃಹಸ್ಥನು ಒಮ್ಮೆ ತಲೆಯೆತ್ತಿ ಮರದ ತುದಿಯನ್ನು ನೋಡಲಿ. ತನ್ನ ಮನೆಯ ಕೊನೆಗಾಗಿ ಇನ್ನೊಬ್ಬನು ತನ್ನ ಕೊನೆಯ ಭಯವನ್ನು ನುಂಗಿ ಅಲ್ಲಿರುವನು.

ಷಟ್‌ಸ್ಥಲಗಳಲ್ಲಿ ಭಕ್ತಸ್ಥಲವು ಮೊದಲು, ಐಕ್ಯಸ್ಥಲವು ಕೊನೆ. ಆ ಕೊನೆಯನ್ನು ನಾಶವೆಂದು ಶರಣರು ಬಗೆಯಲಿಲ್ಲ. ನಡೆದ ದಾರಿಯ ಫಲವೆಂದೇ ತಿಳಿದರು. ಮಲೆನಾಡಿನ ತೋಟಿಗನ ಮಾತೂ ತನ್ನ ರೀತಿಯಲ್ಲಿ ಇದನ್ನೇ ಹೇಳುತ್ತದೆ. ‘ಕೊನೆ ಎಂದು ಬರುವುದೋ’ ಎಂದು ಅಂಜುವುದಕ್ಕಿಂತ, ‘ಕೊನೆ ಚೆನ್ನಾಗಿದೆಯೆ’ ಎಂದು ದಿನವೂ ನೋಡಿಕೊಳ್ಳುವುದು ಗೃಹಸ್ಥನಿಗೆ ಲೇಸು.