ಸೊಪ್ಪಿನ ಮಡಿಯೂ ರಕ್ತದ ಹೆಪ್ಪೂ

1933ರ ಫೆಬ್ರವರಿ. ಹಿಮಗಾಳಿಯ ನಡುವೆ ಅಮೆರಿಕದ ವಿಸ್ಕಾನ್ಸಿನ್‌ನ ರೈತರೊಬ್ಬರು ಸತ್ತ ಕಡಸಿನೊಂದಿಗೆ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದರು. ಜೊತೆಗೊಂದು ಹಾಲಿನ ಕ್ಯಾನು, ಅದರಲ್ಲಿ ಹೆಪ್ಪುಗಟ್ಟದ ರಕ್ತ. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ಮೇವಿನಲ್ಲಿದ್ದ ಕೂಮರಿನ್ ಎಂಬ ವಸ್ತು ಬೂಷ್ಟಿನಿಂದಾಗಿ, ರಕ್ತ ಹೆಪ್ಪುಗಟ್ಟಲು ಬಿಡದ ಡೈಕೂಮರಾಲ್ ಆಗಿತ್ತು. ಇದೇ ಜಾಡಿನಲ್ಲಿ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ, 1954ರಲ್ಲಿ ಮನುಷ್ಯರ ಔಷಧಿಯಾಗಿ ಬಂತು. ನಾವು ಇಲಿಗೆ ಇಡುವ ಬ್ರೋಮಾಡಿಯೋಲೋನ್ ಕೂಡ ಇದೇ ಬಳಗದ್ದು. ಅದನ್ನು ಎತ್ತರದಲ್ಲಿ, ಬೀಗ ಹಾಕಿಡಿ.

ಕೃತಕ ಹೃದಯ ಕವಾಟ ಹಾಕಿಸಿಕೊಂಡವರಿಗೆ ವೈದ್ಯರು ವಾರ್ಫರಿನ್ ಅಥವಾ ಅಸಿನೋಕೂಮರಾಲ್ ಮಾತ್ರೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸಕ್ಕೆ ಈ ಮಾತ್ರೆ ಅಡ್ಡಗಾಲು. ಆ ವಿಟಮಿನ್ ಹೆಚ್ಚಾಗಿರುವುದು ಹಸಿರು ಸೊಪ್ಪಿನಲ್ಲೇ: 100 ಗ್ರಾಂ ಕೊತ್ತಂಬರಿ ಸೊಪ್ಪಿನಲ್ಲಿ ಸುಮಾರು 300 ಮೈಕ್ರೋಗ್ರಾಂ. ಸಾರಿಗೆ ಉದುರಿಸುವ ಚಿಟಿಕೆ ಸೊಪ್ಪು ಲೆಕ್ಕಕ್ಕಿಲ್ಲ. ತಿಂಗಳುಗಟ್ಟಲೆ ತಿನ್ನದೆ, ಯಾರೋ ಹೇಳಿದರೆಂದು ದಿಢೀರನೆ ದಿನವೂ ಲೋಟದ ತುಂಬ ಸೊಪ್ಪಿನ ರಸ ಕುಡಿದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ದಿನವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ, ವೈದ್ಯರು ಹೇಳಿದಾಗಲೆಲ್ಲ ಪಿಟಿ-ಐಎನ್‌ಆರ್ ರಕ್ತಪರೀಕ್ಷೆ ಆಗಲಿ. ಅಂಥವರಿರುವ ಮನೆಯ ಹಿತ್ತಲಲ್ಲಿ ಹದಿನೈದು ದಿನಕ್ಕೊಂದು ಮಡಿಯಂತೆ ಕೊತ್ತಂಬರಿ ಬಿತ್ತಿದರೆ ಸೊಪ್ಪು ಒಮ್ಮೆ ರಾಶಿ, ಒಮ್ಮೆ ಇಲ್ಲ ಎನ್ನುವಂತಾಗದು.

ಕರಿಬೇವು ಕೊಲೆಸ್ಟರಾಲ್ ಇಳಿಸುತ್ತದೆಂಬ ಮಾತು ಬಹುಪಾಲು ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಅದನ್ನು ನಂಬಿ ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸುವುದು ಅಪಾಯ. ನನ್ನ ಮಟ್ಟಿಗೆ ಕರಿಬೇವು, ಪುದೀನ, ಕೊತ್ತಂಬರಿಗಳಿಂದ ಹೃದಯಕ್ಕಾಗುವ ದೊಡ್ಡ ಉಪಕಾರ ಬೇರೆಯೇ. ಇವುಗಳ ಘಮದಿಂದ ಅಡುಗೆಗೆ ಉಪ್ಪು ಕಡಿಮೆ ಸಾಕು. ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆದರೆ ಎಲೆಯ ಮೇಲೆ ವಿಷವಿದ್ದರೆ ಆ ಉಪಕಾರಕ್ಕೆ ಅರ್ಥವಿಲ್ಲ. ಕೀಟನಾಶಕದ ಉಳಿಕೆಯ ಕಾರಣಕ್ಕೆ ಭಾರತದ ಕರಿಬೇವನ್ನು ಐರೋಪ್ಯ ಒಕ್ಕೂಟ ಹೆಚ್ಚುವರಿ ತಪಾಸಣೆಗೆ ಒಳಪಡಿಸಿದ್ದುಂಟು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯೂಡಿ-1, ಡಿಡಬ್ಲ್ಯೂಡಿ-2 ಕರಿಬೇವಿನ ತಳಿ ಬೆಳೆಯುವವರು ಚಿಗುರನ್ನು ತಿರುವಿ ನೋಡಿ: ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು. ಕೆಲವೇ ಗಿಡಗಳಿದ್ದರೆ ಕೈಯಲ್ಲೇ ಆರಿಸಿ, ಹೆಚ್ಚಿದ್ದರೆ ಬೇವಿನ ಎಣ್ಣೆ ಸಿಂಪಡಿಸಿ. ಬೇರೆ ಔಷಧಿ ಹೊಡೆಯಲೇಬೇಕಾದರೆ ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಳೆಯುವವರೆಗೆ ಒಂದು ಕಡ್ಡಿಯನ್ನೂ ಕೊಯ್ಯಬೇಡಿ.