ಬಾಡದ ಸೂರ್ಯಕಾಂತಿ

ದಸರೆ ಹಬ್ಬಕ್ಕೆ ನಾವು ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತೇವೆ. ಎರಡು ದಿನಗಳಲ್ಲಿ ಆ ಹೂಗಳು ಬಾಡುತ್ತವೆ. ಆದರೆ 1888ರಲ್ಲಿ ಅರಳಿದ ಕೆಲವು ಸೂರ್ಯಕಾಂತಿ ಹೂಗಳನ್ನು ಜನರು ಇಂದಿಗೂ ನೋಡುತ್ತಾರೆ. ಅವು ಗಿಡದಲ್ಲಿ ಇಲ್ಲ, ಚಿತ್ರದಲ್ಲಿ ಇವೆ. ಆ ಚಿತ್ರವನ್ನು ತೆಗೆದವನು ವಿನ್ಸೆಂಟ್ ವ್ಯಾನ್ ಗೋ.

ವಿನ್ಸೆಂಟ್ 1853ರಲ್ಲಿ ಹಾಲೆಂಡ್ ದೇಶದಲ್ಲಿ ಹುಟ್ಟಿದನು. ಅವನು ಬಡವನಾಗಿದ್ದನು. ಬಣ್ಣ ಕೊಳ್ಳಲು ಅವನ ತಮ್ಮ ಥಿಯೋ ಹಣ ಕಳಿಸುತ್ತಿದ್ದನು. 1888ರಲ್ಲಿ ವಿನ್ಸೆಂಟ್ ಫ್ರಾನ್ಸ್ ದೇಶದ ಆರ್ಲ್ ಎಂಬ ಊರಿನಲ್ಲಿದ್ದನು. ಅಲ್ಲಿಗೆ ಅವನ ಗೆಳೆಯನೊಬ್ಬನು ಬರುವವನಿದ್ದನು. ಗೆಳೆಯನ ಕೋಣೆಯನ್ನು ಸೂರ್ಯಕಾಂತಿಯ ಚಿತ್ರಗಳಿಂದ ಅಲಂಕರಿಸಬೇಕೆಂದು ವಿನ್ಸೆಂಟ್ ನಿಶ್ಚಯಿಸಿದನು. ಹೂಗಳು ಬೇಗ ಬಾಡುತ್ತವೆ. ಆದ್ದರಿಂದ ಸೂರ್ಯ ಹುಟ್ಟುತ್ತಲೇ ಅವನು ಕೆಲಸಕ್ಕೆ ತೊಡಗುತ್ತಿದ್ದನು.

ಹೂದಾನಿ, ಹಣ್ಣು, ತಂಬಿಗೆ ಮುಂತಾದವುಗಳನ್ನು ಎದುರಿಗಿಟ್ಟು ತೆಗೆದ ಚಿತ್ರಕ್ಕೆ ವಸ್ತುಚಿತ್ರ ಎನ್ನುತ್ತಾರೆ. ವಿನ್ಸೆಂಟನ ಒಂದು ವಸ್ತುಚಿತ್ರದಲ್ಲಿ ಹೂಗಳು ಹಳದಿ, ಹೂದಾನಿ ಹಳದಿ, ಹಿಂದಿನ ಗೋಡೆಯೂ ಹಳದಿ! ಕೆಲವು ಹೂಗಳು ಅರಳಿವೆ. ಕೆಲವುಗಳ ಎಸಳು ಉದುರಿವೆ. ಗೋಡೆಗೆ ಗಿಲಾವು ಮಾಡಿದಂತೆ ಅವನು ಬಣ್ಣವನ್ನು ದಪ್ಪವಾಗಿ ಮೆತ್ತಿದ್ದಾನೆ.

ಹೂವು ಹೇಗಿದೆ ಎಂಬುದನ್ನು ಮಾತ್ರ ಅವನು ತೋರಿಸಲಿಲ್ಲ. ಅದನ್ನು ಕಂಡಾಗ ತನ್ನ ಮನಸ್ಸಿಗೆ ಏನೆನಿಸಿತು ಎಂಬುದನ್ನೂ ಬಣ್ಣದಲ್ಲಿ ಹೇಳಿದನು. ಸೂರ್ಯಕಾಂತಿ ಎಂದರೆ ಅವನಿಗೆ ಕೃತಜ್ಞತೆ. ಮುಂದೆ ಜರ್ಮನಿಯ ತರುಣ ಚಿತ್ರಕಾರರು ಅವನಿಂದ ಸ್ಫೂರ್ತಿ ಪಡೆದರು. ಮನಸ್ಸಿನ ಭಾವಕ್ಕೆ ಮಹತ್ವ ಕೊಡುವ ಅವರ ಕಲೆಗೆ ಅಭಿವ್ಯಕ್ತಿವಾದ ಎಂದು ಹೆಸರಾಯಿತು.

ವಿನ್ಸೆಂಟ್ 1890ರಲ್ಲಿ ತೀರಿಕೊಂಡನು. ಆಗ ಅವನಿಗೆ 37 ವರ್ಷ. ಅವನು ಬದುಕಿದ್ದಾಗ ಅವನ ಚಿತ್ರಗಳನ್ನು ಕೊಂಡವರು ತೀರ ಕಡಿಮೆ. ಅವನ ಒಂದು ಸೂರ್ಯಕಾಂತಿ ಚಿತ್ರವು 1945ರಲ್ಲಿ ಜಪಾನಿನಲ್ಲಿ ಯುದ್ಧದ ಬೆಂಕಿಗೆ ಸುಟ್ಟುಹೋಯಿತು. ಹಳದಿ ಗೋಡೆಯ ಚಿತ್ರವು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ.

ಕರ್ನಾಟಕದ ರುಮಾಲೆ ಚೆನ್ನಬಸವಯ್ಯನವರೂ (1910–1988) ಹೂವನ್ನು ಪ್ರೀತಿಸಿದ ಚಿತ್ರಕಾರರು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಅವರು ಬೆಂಗಳೂರಿನ ಹೂಮರಗಳನ್ನು ಗಾಢವಾದ ಬಣ್ಣಗಳಲ್ಲಿ ಚಿತ್ರಿಸಿದರು.

ಮಕ್ಕಳೇ, ಜತ್ತ ತಾಲೂಕಿನ ತಿಕೋಂಡಿಯಂಥ ಊರುಗಳಲ್ಲಿ ಮಳೆ ಕಡಿಮೆ. ಅಲ್ಲಿ ಒಂದು ಹೂವು ಅರಳಿದರೂ ಮನಸ್ಸು ಹಿಗ್ಗುತ್ತದೆ. ಆ ಹಿಗ್ಗಿಗೆ ಯಾವ ಬಣ್ಣ? ಪುಸ್ತಕದ ಚಿತ್ರ ನೋಡಿ ನಕಲು ಮಾಡಿದರೆ ಅದು ತಿಳಿಯದು. ಹೂವನ್ನು ಎದುರಿಗಿಟ್ಟು ನೀವೇ ಹುಡುಕಬೇಕು.

ಶಬ್ದಾರ್ಥ
ಎಸಳು – ಹೂವಿನ ದಳ
ಕೃತಜ್ಞತೆ – ಉಪಕಾರ ಸ್ಮರಣೆ
ಹಿಗ್ಗು – ಸಂತೋಷಪಡು, ಸಂತೋಷ

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ವಿನ್ಸೆಂಟನಿಗೆ ಹಣ ಕಳಿಸುತ್ತಿದ್ದವರು ಯಾರು?
2. ವಸ್ತುಚಿತ್ರ ಎಂದರೇನು?
ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ವಿನ್ಸೆಂಟ್ ಸೂರ್ಯ ಹುಟ್ಟುತ್ತಲೇ ಕೆಲಸಕ್ಕೆ ತೊಡಗುತ್ತಿದ್ದುದೇಕೆ?
2. ಸೂರ್ಯಕಾಂತಿಯ ಚಿತ್ರದಲ್ಲಿ ಏನೇನು ಕಾಣುತ್ತದೆ?

ಉಪಕ್ರಮ: ತಂಬಿಗೆಯಲ್ಲಿ ಚೆಂಡುಹೂಗಳನ್ನು ಇಟ್ಟು ಚಿತ್ರ ತೆಗೆಯಿರಿ. ಮೂರು ದಿನಗಳ ನಂತರ ಅದೇ ಹೂಗಳನ್ನು ನೋಡಿ ಇನ್ನೊಂದು ಚಿತ್ರ ತೆಗೆಯಿರಿ. ಬಣ್ಣಗಳು ಏಕೆ ಬದಲಾದವು ಎಂಬುದನ್ನು ತರಗತಿಯಲ್ಲಿ ಹೇಳಿರಿ.