ಆ ಘಟಸರ್ಪ ಯಾರು?



ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಪೂಜೆಯಲ್ಲಿ, ಪ್ರತಿವರ್ಷ ಮೊದಲ ವಾಚನವಾಗಿ ಪ್ರಕಟನಾ ಗ್ರಂಥದ 12ನೇ ಅಧ್ಯಾಯವನ್ನು ಕೇಳುತ್ತೇವೆ. ಸೂರ್ಯನನ್ನೇ ಉಟ್ಟ ಸ್ತ್ರೀ, ಅವಳ ಹೆರಿಗೆಯ ನೋವು, ಹುಟ್ಟುವ ಮಗುವನ್ನು ನುಂಗಲು ಎದುರಿಗೆ ಕಾದು ನಿಂತ ಏಳು ತಲೆ, ಹತ್ತು ಕೊಂಬಿನ ಕೆಂಪು ಘಟಸರ್ಪ. ಅದೇ ದಿನ ಬೆಳಗಿನ ತಮಿಳು ಪೂಜೆಗೆ ಹೋದವರು ಅದನ್ನು 'ಅರಕ್ಕಪ್ಪಾಂಬು' ಎಂದು ಕೇಳಿರುತ್ತಾರೆ. ಕಾರ್ಟೂನ್ ನೋಡುವ ನಮ್ಮ ಧರ್ಮೋಪದೇಶದ ಮಕ್ಕಳಿಗೆ ಅದು ಸೀದಾ ಡ್ರ್ಯಾಗನ್.

ಈ ಸಲ ಹಬ್ಬದ ಮುಂಚೆ ನಮಗೂ ತಮಿಳು ಯುವಕೂಟದವರಿಗೂ ಹಾಡಿನ ಅಭ್ಯಾಸಕ್ಕೆ ಹಾಲ್ ಸಿಗುವ ವಿಷಯದಲ್ಲಿ ಮಾತಿಗೆ ಮಾತು ಬೆಳೆದದ್ದು ನಿಮಗೆಲ್ಲ ಗೊತ್ತು. ಹಬ್ಬದ ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಬಂತು. ಸಂತ ಜಾರ್ಜರು ಕುದುರೆಯ ಮೇಲೆ ಈಟಿ ಎತ್ತಿದ್ದಾರೆ. ಕೆಳಗೆ ಬಿದ್ದ ಡ್ರ್ಯಾಗನ್ನಿನ ಹೊಟ್ಟೆಯ ಮೇಲೆ ಆ ಕೂಟದ ಹೆಸರು. ನಾವು ನಕ್ಕೆವು. ನಕ್ಕದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮರುದಿನ ಕ್ವಾಯರ್‌ನ ಅಕ್ಕ ಒಬ್ಬರು ಕೇಳಿದರು: "ಅಲ್ರಪ್ಪಾ, ಆ ಹಾವು ಯಾರು ಅಂತ ನಿಮಗೆ ನಿಜವಾಗ್ಲೂ ಗೊತ್ತಾ?" ಗೊತ್ತಿರಲಿಲ್ಲ. ಮುಂದಿನ ಮೂರು ಭಾನುವಾರ ಅದನ್ನೇ ಓದಿದೆವು. ಓದಿದ್ದರಲ್ಲಿ ಸ್ವಲ್ಪ ಇಲ್ಲಿದೆ.

ಮೊದಲು ಆ ಪ್ರಾಣಿಯ ವಿಷಯ. ಸ್ಪೇನಿನ ಸೆವಿಲ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಇಸಿದೋರ್ 7ನೇ ಶತಮಾನದಲ್ಲಿ ಒಂದು ದೊಡ್ಡ ವಿಶ್ವಕೋಶ ಬರೆದರು. ಅದರ ಪ್ರಕಾರ ಡ್ರ್ಯಾಗನ್ ಎಲ್ಲ ಹಾವುಗಳಿಗಿಂತ ದೊಡ್ಡದು. ಅದರ ಬಲ ಇರುವುದು ಹಲ್ಲಿನಲ್ಲಲ್ಲ, ಬಾಲದಲ್ಲಿ. ಆನೆಯನ್ನೂ ಸುತ್ತಿ ಉಸಿರುಗಟ್ಟಿಸಿ ಕೊಲ್ಲುತ್ತದೆ. 12, 13ನೇ ಶತಮಾನಗಳ ಪ್ರಾಣಿಕಥೆಗಳ ಕೈಬರಹದ ಪುಸ್ತಕಗಳು ಇದನ್ನೇ ತೆಗೆದುಕೊಂಡು ಒಂದು ಪಾಠ ಸೇರಿಸಿದವು. ಆನೆ ನಡೆಯುವ ದಾರಿಯಲ್ಲಿ ಡ್ರ್ಯಾಗನ್ ಅಡಗಿ ಕೂತು ಕಾಲಿಗೆ ಸುತ್ತಿಕೊಳ್ಳುವ ಹಾಗೆ, ನಾವು ದಿನಾ ನಡೆಯುವ ದಾರಿಯಲ್ಲೇ ಸೈತಾನನು ಪಾಪದ ಗಂಟು ಹಾಕುತ್ತಾನೆ ಎಂದು. ಅದೇ ಪುಸ್ತಕಗಳಲ್ಲಿ ಚಿರತೆಯಂಥ ಒಂದು ಮೃಗ ಬರುತ್ತದೆ. ಹೊಟ್ಟೆ ತುಂಬಾ ತಿಂದು ಮೂರು ದಿನ ಮಲಗಿ, ಎದ್ದು ಗರ್ಜಿಸಿದರೆ ಅದರ ಬಾಯಿಂದ ಸುವಾಸನೆ ಹರಡುತ್ತದೆ. ಎಲ್ಲ ಪ್ರಾಣಿಗಳೂ ಆ ವಾಸನೆಯ ಹಿಂದೆ ಬರುತ್ತವೆ, ಡ್ರ್ಯಾಗನ್ ಒಂದು ಮಾತ್ರ ಹೆದರಿ ಬಿಲ ಸೇರುತ್ತದೆ. ಮೂರನೆಯ ದಿನ ಎದ್ದವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ಬಿ.ಎಸ್ಸಿ. ಓದಿದವರಿಗೆ ಇದನ್ನೆಲ್ಲ ಓದುವಾಗ ಕೈ ಕಡಿಯುತ್ತದೆ, ನಿಜ. ಆಸ್ಟ್ರಿಯಾದ ಕ್ಲಾಗೆನ್‌ಫುರ್ಟ್ ಊರಿನ ಚೌಕದಲ್ಲಿ 16ನೇ ಶತಮಾನದ ಕೊನೆಯಲ್ಲಿ ಕೆತ್ತಿದ ದೊಡ್ಡ ಡ್ರ್ಯಾಗನ್ ವಿಗ್ರಹವಿದೆ. ಅದರ ತಲೆಗೆ ಮಾದರಿಯಾದದ್ದು ಆ ಊರಿನ ಹತ್ತಿರ ಸಿಕ್ಕಿದ ಒಂದು ತಲೆಬುರುಡೆ. ಅದು ಹಿಮಯುಗದ, ಮೈತುಂಬ ಕೂದಲಿದ್ದ ಘೇಂಡಾಮೃಗದ್ದು ಎಂದು 19ನೇ ಶತಮಾನದಲ್ಲಿ ಗೊತ್ತಾಯಿತು. ಹಾಗೆಂದು ಕಥೆ ಸುಳ್ಳಾಗಲಿಲ್ಲ. ಕಥೆ ಹೇಳಿದವರು ಮೂಳೆಯ ವಿಷಯ ಹೇಳುತ್ತಿರಲಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಕಡೆ ನಾಗರಪಂಚಮಿಯೂ ಇದೇ ಸಮಯಕ್ಕೆ ಬರುತ್ತದೆ. ಯುರೋಪಿನ ಈ ಸರ್ಪವನ್ನು ಪಕ್ಕದ ಮನೆಯವರ ನಾಗರಕಟ್ಟೆಗೆ ಅಂಟಿಸುವುದು ತಪ್ಪು. ಮೋಶೆ ಮರುಭೂಮಿಯಲ್ಲಿ ಎತ್ತಿ ನಿಲ್ಲಿಸಿದ್ದು ಕಂಚಿನ ಸರ್ಪವನ್ನು. ತಾವೂ ಹಾಗೆಯೇ ಎತ್ತಲ್ಪಡಬೇಕು ಎಂದು ನಿಕೊದೇಮನಿಗೆ ಹೇಳಿದವರು ಯೇಸುಸ್ವಾಮಿ. ಶಿಷ್ಯರು ಸರ್ಪಗಳಂತೆ ಜಾಣರಾಗಿರಲಿ ಎಂದವರೂ ಅವರೇ. ಒಂದು ಗುರುತಿಗೆ ಯಾವ ಅರ್ಥ ಎಂಬುದು ಅದು ಯಾವ ಕಥೆಯೊಳಗಿದೆ ಎಂಬುದರ ಮೇಲೆ ನಿಂತಿದೆ.

ಈಗ ಜಾರ್ಜರ ಕಥೆ. ರಕ್ತಸಾಕ್ಷಿಯಾದ ಜಾರ್ಜರ ಅತಿ ಹಳೆಯ ಚರಿತ್ರೆಗಳಲ್ಲಿ ಡ್ರ್ಯಾಗನ್ ಇಲ್ಲವೇ ಇಲ್ಲ. ಎಷ್ಟೋ ಶತಮಾನಗಳ ನಂತರ ಸೇರಿತು. ಅದು ಮನೆಮಾತಾದದ್ದು 13ನೇ ಶತಮಾನದಲ್ಲಿ ಡೊಮಿನಿಕನ್ ಗುರುಗಳಾದ ಜಾಕೊಬುಸ್ ದೆ ವೊರಾಜಿನೆ ಸಂಗ್ರಹಿಸಿದ 'ಸುವರ್ಣ ಪುರಾಣ' ಎಂಬ ಸಂತರ ಕಥೆಗಳ ಪುಸ್ತಕದಿಂದ. ಮುಂದೆ ಅವರು ಇಟಲಿಯ ಜೆನೋವಾದ ಮಹಾಧರ್ಮಾಧ್ಯಕ್ಷರಾದರು. ನಾವು ಚಿತ್ರದಲ್ಲಿ ನೋಡುವುದು ಕುದುರೆ, ಈಟಿ, ರಕ್ತ. ಪುಸ್ತಕದಲ್ಲಿ ಇರುವುದು ಬೇರೆಯೇ.

ಲಿಬಿಯದ ಸಿಲೆನಾ ಎಂಬ ಊರು. ಪಕ್ಕದ ಕೆರೆಯಲ್ಲಿ ಡ್ರ್ಯಾಗನ್. ಅದು ಊರಿನ ಕಡೆ ಬಾರದಿರಲೆಂದು ಜನ ದಿನಕ್ಕೆ ಎರಡು ಕುರಿ ಕೊಡುತ್ತಾರೆ. ಕುರಿ ಕಡಿಮೆಯಾದಾಗ ಒಂದು ಕುರಿ, ಒಬ್ಬ ಮನುಷ್ಯ. ಯಾರನ್ನು ಕೊಡುವುದು? ಚೀಟಿ ಎತ್ತುತ್ತಾರೆ. ಊರಿನ ಗಂಡುಮಕ್ಕಳು, ಹೆಣ್ಣುಮಕ್ಕಳು ಹೆಚ್ಚುಕಡಿಮೆ ಎಲ್ಲ ಮುಗಿದ ಮೇಲೆ ಒಂದು ದಿನ ರಾಜನ ಮಗಳ ಹೆಸರು ಬರುತ್ತದೆ. ಆಗ ರಾಜ ಚಿನ್ನ, ಬೆಳ್ಳಿ, ಅರ್ಧ ರಾಜ್ಯ ಕೊಡುತ್ತೇನೆ, ಮಗಳನ್ನು ಬಿಡಿ ಅನ್ನುತ್ತಾನೆ. ಜನ ಕೆರಳುತ್ತಾರೆ. ಈ ಕಟ್ಟಳೆ ಮಾಡಿದವನೇ ನೀನು, ನಮ್ಮ ಮಕ್ಕಳು ಹೋದಾಗ ಸುಮ್ಮನಿದ್ದೆ, ಈಗ ನಿನ್ನ ಮನೆಗೆ ಬೆಂಕಿ ಇಡುತ್ತೇವೆ ಎಂದು.

ಇಲ್ಲಿಗೆ ಬಂದಾಗ ನಮ್ಮ ಗುಂಪಿನ ತಂಗಿಯೊಬ್ಬಳು ಓದು ನಿಲ್ಲಿಸಿ, "ಡ್ರ್ಯಾಗನ್ ಕೆರೆಯಲ್ಲಿತ್ತು ಸರಿ, ಚೀಟಿ ಎತ್ತಿದ್ದು ಊರೊಳಗೆ ಅಲ್ವಾ?" ಎಂದಳು. ಅವಳ ಪ್ರಶ್ನೆಗೆ ಸ್ವಲ್ಪ ಹೊತ್ತು ಯಾರೂ ಉತ್ತರ ಹೇಳಲಿಲ್ಲ.

ಜಾರ್ಜರು ಬರುತ್ತಾರೆ, ಶಿಲುಬೆಯ ಗುರುತು ಹಾಕಿಕೊಂಡು ಈಟಿಯಿಂದ ತಿವಿಯುತ್ತಾರೆ. ಆದರೆ ಅದು ಸಾಯುವುದಿಲ್ಲ. ನಿನ್ನ ಸೊಂಟದ ಪಟ್ಟಿ ಬಿಚ್ಚಿ ಅದರ ಕೊರಳಿಗೆ ಹಾಕು ಎಂದು ಆ ಹುಡುಗಿಗೆ ಹೇಳುತ್ತಾರೆ. ಅವಳು ಹಾಕುತ್ತಾಳೆ. ಅಷ್ಟು ದೊಡ್ಡ ಪ್ರಾಣಿ ಸಾಕಿದ ನಾಯಿಯ ಹಾಗೆ ಅವಳ ಹಿಂದೆ ಊರೊಳಕ್ಕೆ ನಡೆದುಬರುತ್ತದೆ. ಜನ ಬೆಟ್ಟಕ್ಕೆ ಓಡುತ್ತಾರೆ, ಜಾರ್ಜರು ಕರೆದು ನಿಲ್ಲಿಸುತ್ತಾರೆ. ಅವರೆಲ್ಲ ದೀಕ್ಷಾಸ್ನಾನ ಪಡೆದ ಮೇಲೆಯೇ ಅದನ್ನು ಕೊಲ್ಲುವುದು. ಹೆಣವನ್ನು ಊರ ಹೊರಗೆ ಎಳೆಯಲು ನಾಲ್ಕು ಜೋಡಿ ಎತ್ತು ಬೇಕಾಯಿತಂತೆ. ರಾಜ ಹಣ ಕೊಟ್ಟರೆ ಬಡವರಿಗೆ ಹಂಚಿಬಿಡುತ್ತಾರೆ. ಹೊರಡುವ ಮುಂಚೆ ರಾಜನಿಗೆ ನಾಲ್ಕು ಮಾತು: ದೇವಾಲಯಗಳನ್ನು ನೋಡಿಕೊ, ಗುರುಗಳನ್ನು ಗೌರವಿಸು, ಪೂಜೆ ಪ್ರಾರ್ಥನೆಗೆ ಗಮನಕೊಟ್ಟು ಬಾ, ಬಡವರನ್ನು ಎಂದೂ ಮರೆಯಬೇಡ.

ಪಟ್ಟಿಯಿಂದ ಡ್ರ್ಯಾಗನ್ ಕಟ್ಟಿದ ಮತ್ತೊಬ್ಬರು ಬೆಥಾನಿಯದ ಸಂತ ಮಾರ್ತಾ. ಫ್ರಾನ್ಸಿನ ತರಸ್ಕೋನ್ ಊರಿನ ಕಥೆ ಅದು. ಅಲ್ಲಿ ತೀರ್ಥವೇ ಆಯುಧ. ಅಂತಿಯೋಕ್ಯದ ಸಂತ ಮಾರ್ಗರೇಟರನ್ನು ಡ್ರ್ಯಾಗನ್ ನುಂಗಿತು, ಶಿಲುಬೆಯ ಗುರುತಿನಿಂದ ಅದರ ಹೊಟ್ಟೆ ಸೀಳಿಹೋಗಿ ಹೊರಬಂದರು ಎಂಬ ಕಥೆಯೂ ಸುವರ್ಣ ಪುರಾಣದಲ್ಲಿದೆ. ಆದರೆ ಇದು ನಂಬಲು ಯೋಗ್ಯವಲ್ಲ ಎಂದು ಜಾಕೊಬುಸರೇ ಬರೆದಿದ್ದಾರೆ. ಹಳೆಯ ಕಾಲದವರು ಹೇಳಿದ್ದನ್ನೆಲ್ಲ ನಂಬುತ್ತಿದ್ದರು ಎಂದುಕೊಂಡಿದ್ದ ನಮಗೆ ಇದು ಒಳ್ಳೆಯ ಪೆಟ್ಟು.

ಐಸ್‌ಲ್ಯಾಂಡಿನಲ್ಲಿ 13ನೇ ಶತಮಾನದಲ್ಲಿ ಬರೆದಿಟ್ಟ 'ವೋಲ್ಸುಂಗ ಸಾಗಾ'ದಲ್ಲಿ ಫಾಫ್ನಿರ್ ಎಂಬವನು ಬರುತ್ತಾನೆ. ಚಿನ್ನಕ್ಕಾಗಿ ಸ್ವಂತ ತಂದೆಯನ್ನು ಕೊಂದು, ತಮ್ಮನಿಗೂ ಪಾಲು ಕೊಡದೆ ಅದರ ಮೇಲೆ ಮಲಗುತ್ತಾನೆ. ಮಲಗಿ ಮಲಗಿ ಡ್ರ್ಯಾಗನ್ ಆಗುತ್ತಾನೆ. ಹೊರಗಿನಿಂದ ಯಾವುದೂ ಬಂದು ಅವನನ್ನು ನುಂಗಲಿಲ್ಲ. ಆಸ್ತಿ ಭಾಗದ ಜಗಳ ನೋಡಿದ ಮನೆಗಳಲ್ಲಿ ಬೆಳೆದ ನಮಗೆ ಈ ಕಥೆಗೆ ವ್ಯಾಖ್ಯಾನ ಬೇಕಾಗಲಿಲ್ಲ.

16ನೇ ಶತಮಾನಕ್ಕೆ ಬಂದರೆ ಮಾತ್ರ ಮನಸ್ಸಿಗೆ ಕಸಿವಿಸಿ. ಕ್ರೈಸ್ತರು ಎರಡಾದ ಕಾಲ ಅದು. 1522ರಲ್ಲಿ ಮಾರ್ಟಿನ್ ಲೂಥರರ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯಿತು. ಪ್ರಕಟನಾ ಗ್ರಂಥದ ಚಿತ್ರಗಳನ್ನು ಮಾಡಿದ್ದು ಲೂಕಾಸ್ ಕ್ರಾನಾಖರ ಚಿತ್ರಶಾಲೆ. ಅದರಲ್ಲಿ ಮೃಗದ ಮೇಲೆ ಕೂತ ಬಾಬಿಲೋನಿನ ಹೆಂಗಸಿನ ತಲೆಗೆ ಪೋಪರ ಮೂರಂತಸ್ತಿನ ಕಿರೀಟ. ಗಲಾಟೆಯಾಗಿ ಅದೇ ಡಿಸೆಂಬರಿನ ಮರುಮುದ್ರಣದಲ್ಲಿ ಕಿರೀಟದ ಮೇಲಿನ ಅಂತಸ್ತುಗಳನ್ನು ಕೆತ್ತಿ ತೆಗೆದರು. ನಮ್ಮವರು ಸುಮ್ಮನಿದ್ದರೇ? 1529ರಲ್ಲಿ ಯೋಹಾನ್ ಕೊಖ್ಲೆಯುಸ್ ಎಂಬ ಕಥೋಲಿಕ ಗುರುಗಳು ಲೂಥರರಿಗೆ ಏಳು ತಲೆ ಬರೆಸಿ ಪುಸ್ತಕವನ್ನೇ ಹೊರಡಿಸಿದರು. 1590ರಲ್ಲಿ ಇಂಗ್ಲೆಂಡಿನ ಕವಿ ಎಡ್ಮಂಡ್ ಸ್ಪೆನ್ಸರ್ 'ಫೇರಿ ಕ್ವೀನ್' ಕಾವ್ಯದಲ್ಲಿ ಜಾರ್ಜರನ್ನೇ ನಾಯಕನನ್ನಾಗಿ ಮಾಡಿದ. ಮೂರು ದಿನ ನಡೆಯುವ ಕೊನೆಯ ಕಾಳಗ ಬಹಳ ಚೆನ್ನಾಗಿದೆ: ಮೊದಲ ದಿನ ವೀರ ಜೀವಜಲದ ಬಾವಿಗೆ ಬೀಳುತ್ತಾನೆ, ಎರಡನೆಯ ದಿನ ಜೀವವೃಕ್ಷದ ಕೆಳಗೆ ಬಿದ್ದು ಗುಣವಾಗುತ್ತಾನೆ, ಮೂರನೆಯ ದಿನ ಗೆಲ್ಲುತ್ತಾನೆ. ಓದಿದರೆ ಸಂಸ್ಕಾರಗಳೇ ನೆನಪಾಗುತ್ತವೆ. ಆದರೆ ಅದೇ ಕಾವ್ಯದಲ್ಲಿ ಏಳು ತಲೆಯ ಮೃಗದ ಮೇಲೆ ಕೂತ ಮೋಸಗಾರ್ತಿಗೂ ಮೂರಂತಸ್ತಿನ ಕಿರೀಟ. ಅಂದರೆ ಅಲ್ಲಿ ಮೃಗದ ಮೇಲೆ ಕೂರಿಸಿದ್ದು ನಮ್ಮ ಧರ್ಮಸಭೆಯನ್ನು. ನಮ್ಮ ವಾಟ್ಸಾಪ್ ಚಿತ್ರ ಹೊಸದೇನೂ ಅಲ್ಲ. ಐನೂರು ವರ್ಷ ಹಳೆಯದು.

ಮೂರನೆಯ ಭಾನುವಾರ ಮತ್ತೆ ಬೈಬಲ್ ತೆರೆದೆವು. ಆಗಸ್ಟ್ 15ರ ವಾಚನ 12ನೇ ಅಧ್ಯಾಯದ 10ನೇ ವಚನದ ನಡುವೆ ನಿಂತುಬಿಡುತ್ತದೆ. ಹಬ್ಬದ ಸಂತೋಷಕ್ಕೆ ಅಷ್ಟು ಸಾಕು. ಪೂಜೆಯಲ್ಲಿ ಓದದೆ ಬಿಟ್ಟ ಆ ವಚನದ ಉಳಿದ ಭಾಗದಲ್ಲಿ, ಘಟಸರ್ಪ ಏನು ಕೆಲಸ ಮಾಡುತ್ತಿತ್ತು ಎಂದು ಬರೆದಿದೆ. ಹಗಲಿರುಳು ದೇವರ ಮುಂದೆ ನಿಂತು ನಮ್ಮ ಸಹೋದರರ ಮೇಲೆ ದೂರು ಹೇಳುತ್ತಿತ್ತು. 'ಸೈತಾನ' ಎಂಬ ಹೀಬ್ರೂ ಪದಕ್ಕೂ ಎದುರಾಳಿ, ಆಪಾದನೆ ಹೊರಿಸುವವನು ಎಂಬ ಅರ್ಥವಿದೆ. ಬೆಂಕಿ, ರೆಕ್ಕೆ, ಬಾಲ ಏನೂ ಬೇಡ. ಅಣ್ಣತಮ್ಮಂದಿರ ಕಡೆಗೆ ಚಾಚಿದ ಬೆರಳೊಂದು ಸಾಕು.

ಚಿತ್ರ ಹಾಕಿದ ತಮ್ಮನೇ ಆ ವಚನವನ್ನು ಗಟ್ಟಿಯಾಗಿ ಓದಿದ್ದು. ಓದಿ ಮುಗಿಸಿ, ಫೋನ್ ತೆಗೆದು ಆ ಚಿತ್ರವನ್ನು ಅಳಿಸಿದ. ನಾವು ಹಾಕಿದ್ದ ನಗುವಿನ ಗುರುತುಗಳೂ ಅದರ ಜೊತೆಗೇ ಹೋದವು. ತಮಿಳು ಕೂಟದವರ ಬಳಿ ಹೋಗಿ ಮಾತನಾಡಲು ಇನ್ನೂ ಎರಡು ವಾರ ಬೇಕಾಯಿತು. ಮೊದಲ ಹತ್ತು ನಿಮಿಷ ಎರಡೂ ಕಡೆಯವರು ಟೀ ಲೋಟವನ್ನೇ ನೋಡುತ್ತಿದ್ದೆವು.

ಬರುವ ಏಪ್ರಿಲ್ 23, ಸಂತ ಜಾರ್ಜರ ಹಬ್ಬಕ್ಕೆ ಹಾಲಿನ ಗೋಡೆಗೆ ಒಂದು ದೊಡ್ಡ ಚಿತ್ರವನ್ನು ಎರಡೂ ಕೂಟದವರು ಸೇರಿ ಬರೆಯುವುದೆಂದು ಮಾತಾಗಿದೆ. ಕೆಳಗೆ ಜಾರ್ಜರ ನಾಲ್ಕು ಮಾತುಗಳು ಕನ್ನಡ, ತಮಿಳು ಎರಡರಲ್ಲೂ ಇರುತ್ತವೆ. ಡ್ರ್ಯಾಗನ್ನನ್ನು ಈಟಿಗೆ ಸಿಕ್ಕಿದ ಹಾಗೆ ಬರೆಯುವುದೋ, ಹುಡುಗಿಯ ಪಟ್ಟಿಗೆ ಕಟ್ಟಿಸಿಕೊಂಡು ನಾಯಿಯ ಹಾಗೆ ನಡೆಯುವಂತೆ ಬರೆಯುವುದೋ ಇನ್ನೂ ತೀರ್ಮಾನವಾಗಿಲ್ಲ. ಕೈ ಎತ್ತಿಸಿ ನೋಡಿದರೆ ಎರಡಕ್ಕೂ ಸರಿಸಮ. ಹಾಗಾದರೆ ಚೀಟಿ ಎತ್ತೋಣ ಎಂದ ಒಬ್ಬನನ್ನು ಎರಡೂ ಕೂಟದವರು ಒಂದೇ ದನಿಯಲ್ಲಿ ಸುಮ್ಮನಾಗಿಸಿದೆವು.